ಸರಾತೋವಿನಲ್ಲೊಂದು ಕುಬಸ

ನಿನ್ನೆ ಮಧ್ಯಾಹ್ನ ಮನೋಳಿಯ ತವರುಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಸಬ್ಬಸಗಿ ಸೊಪ್ಪು ಸೋಸುತ್ತಿದ್ದೆ. ನೀವು ಎಂದಾದರೂ ಸೋಸಿದ್ದರೆ ಗೊತ್ತಿರುತ್ತದೆ, ಆ ವಾಸನೆ ಒಮ್ಮೆ ಕೈಗೆ ಹತ್ತಿದರೆ ಸಂಜೆಯ ಚಹಾದ ಕಪ್ಪಿನವರೆಗೂ ಬೆನ್ನು ಬಿಡುವುದಿಲ್ಲ. ನಮ್ಮ ಮನೆಯವರಿಗೆಲ್ಲ ಅದು ಬಾಣಂತಿಯ ಪಲ್ಯದ ವಾಸನೆ, ಬಿಸಿ ರೊಟ್ಟಿಯ ವಾಸನೆ. ನನಗೆ ಮಾತ್ರ ರಶಿಯಾದ ವಾಸನೆ. ಹೀಗೆಂದರೆ ನಮ್ಮ ತಮ್ಮ, ನಾಲ್ಕು ವರ್ಷ ಪರದೇಶದಲ್ಲಿದ್ದು ಬಂದವರಿಗೆ ತಲೆ ಸ್ವಲ್ಪ ಹೀಗೇ ಆಗುತ್ತದೆ ಎಂದು ಸಮಾಧಾನ ಹೇಳುತ್ತಾನೆ.

"ಅಕ್ಕಾರ, ಸೊಪ್ಪ ಹಿಡಕೊಂಡ ಒಬ್ರ ಯಾಕ ನಗಾಕ ಹತ್ತೀರಿ?" ಎಂದಳು ಸವಿತಾ. ಸವಿತಾ ನನ್ನ ತಮ್ಮನ ಹೆಂಡತಿ, ಏಳು ತಿಂಗಳ ಬಸುರಿ. ಮರುದಿನ ಅವಳ ಕುಬಸ ಇತ್ತು. ಬೇರೆ ಕಡೆ ಸೀಮಂತ ಎನ್ನುವುದನ್ನೇ ನಾವು ಕುಬಸ ಎನ್ನುತ್ತೇವೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಐದು ಜನ ಮುತ್ತೈದೆಯರು ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿಣ ಕೊಂಬು ಹಾಕಿ ಉಡಿ ತುಂಬುತ್ತಾರೆ. ಮುತ್ತೈದೆ ಎಂದರೆ ಗಂಡ ಇರುವವಳು. ನಮ್ಮ ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು, ಆದ್ದರಿಂದ ಅವ್ವ ಉಡಿ ತುಂಬುವಂತಿಲ್ಲ. ನನ್ನ ಮದುವೆಯಲ್ಲಿ ನನಗೆ ಅರಿಶಿಣ ಹಚ್ಚುವಾಗಲೂ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸೊಸೆಯ ಕುಬಸದಲ್ಲಾದರೂ ಅವ್ವ ಆ ಬಾಗಿಲು ಬಿಟ್ಟು ಬಂದಾಳೇ ಎಂಬುದೊಂದೇ ಹುಳ ನನ್ನ ತಲೆಯಲ್ಲಿ ನಿನ್ನೆಯಿಂದ ಹರಿದಾಡುತ್ತಿತ್ತು. ಯಾಕೆಂದರೆ ಅವ್ವ ಒಮ್ಮೆ ಬಂದಿದ್ದಳು. ನಾನು ನಗುತ್ತಿದ್ದದ್ದು ಅದನ್ನು ನೆನೆದೇ. ಸವಿತಾ ಬಿಡಲಿಲ್ಲ, ಹೇಳಬೇಕಾಯಿತು. ಈಗ ನಿಮಗೂ ಹೇಳುತ್ತೇನೆ.

ನಮ್ಮ ಯಜಮಾನರಿಗೆ ರಶಿಯಾದ ಒಂದು ಔಷಧ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಾಗ ಬೈಲಹೊಂಗಲದ ನಮ್ಮ ಓಣಿಗೆ ಓಣಿಯೇ "ಮಾಸ್ಕೋಕ್ಕ ಹೊಂಟಾರ" ಎಂದು ಮಾತಾಡಿತು. ಮಾಸ್ಕೋ ಅಲ್ಲ, ಸರಾತೋವ್ ಎಂದು ಹೇಳಿ ಹೇಳಿ ನಾನು ಸೋತೆ. ಅಲ್ಲಿಗೆ ಹೋದ ಮೇಲೆ ಅಲ್ಲಿಯವರು "ನೀವು ದಿಲ್ಲಿಯವರಾ?" ಎಂದು ಕೇಳಿದರು. ಅಲ್ಲ, ಬೈಲಹೊಂಗಲದವರು ಎಂದೆ. ಅವರೂ ಸೋತರು. ಸರಾತೋವ್ ವೋಲ್ಗಾ ನದಿಯ ದಂಡೆಯ ಊರು. ನದಿ ಎಂದರೆ ನಮ್ಮ ಮಲಪ್ರಭೆ ಎಂದುಕೊಂಡು ಹೋದವಳಿಗೆ ಆಚೆ ದಂಡೆ ಕಾಣಲು ಕಣ್ಣು ಕಿರಿದು ಮಾಡಬೇಕಾಯಿತು. ಊರು ಮಾತ್ರ ಅಷ್ಟು ಪರಕೀಯವೆನಿಸಲಿಲ್ಲ. ದೊಡ್ಡ ಊರಿನವರು ನಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಸಣ್ಣ ಸಿಟ್ಟು ಅಲ್ಲಿಯ ಜನಕ್ಕೂ ಇತ್ತು, ಬೈಲಹೊಂಗಲದಿಂದ ಹೋದ ನನಗೆ ಆ ಸಿಟ್ಟು ಪರಿಚಯದ್ದೇ.

ಮತ್ತು ಸಬ್ಬಸಗಿ! ಮೊದಲ ವಾರ ಬಜಾರಿನಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡ ಮುದುಕಿಯರು ಸಾಲಾಗಿ ಕುಳಿತು ಕಟ್ಟುಗಟ್ಟಲೆ ಸಬ್ಬಸಗಿ ಮಾರುವುದನ್ನು ಕಂಡು ನನಗೆ ಅಳು ಬಂತು. ಸವದತ್ತಿಯ ಸಂತೆಯಲ್ಲೇ ಕಳೆದುಹೋದವರ ಹಾಗೆ ನಿಂತುಬಿಟ್ಟೆ. ಅವರೋ ಅದನ್ನು ಪಲ್ಯ ಮಾಡುವುದೇ ಇಲ್ಲ. ಹಸಿಯದನ್ನೇ ಹೆಚ್ಚಿ ಆಲೂಗಡ್ಡೆಯ ಮೇಲೆ, ಸಾರಿನ ಮೇಲೆ, ಮೊಸರಿನ ಮೇಲೆ, ಕಂಡ ಕಂಡದ್ದರ ಮೇಲೆ ಉದುರಿಸುತ್ತಾರೆ. ಎದುರು ಮನೆಯ ವಾಲ್ಯಾ ನನ್ನ ಕೈಯ ಕಡಲೆಬೇಳೆ ಹಾಕಿದ ಸಬ್ಬಸಗಿ ಪಲ್ಯ ತಿಂದು, "ಇಷ್ಟ ವರ್ಷ ನಾವು ಇದನ್ನ ಬರೇ ಅಲಂಕಾರಕ್ಕ ಇಟ್ಟಿದ್ದಿವಲ್ಲ!" ಎಂದು ಹಣೆ ಬಡಿದುಕೊಂಡಳು.

ವಾಲ್ಯಾಳ ಬಗ್ಗೆ ಹೇಳಬೇಕು. ಒಂಬತ್ತು ಅಂತಸ್ತಿನ ಹಳೆಯ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಅವಳದು. ಅರವತ್ತು ದಾಟಿದ್ದಳು, ಗಂಡ ತೀರಿಹೋಗಿದ್ದ, ಮಗ ದೂರದ ಊರಿನಲ್ಲಿದ್ದ. ಎಲ್ಲರೂ ಆಕೆಯನ್ನು ತ್ಯೋತ್ಯಾ ವಾಲ್ಯಾ ಎನ್ನುತ್ತಿದ್ದರು. ತ್ಯೋತ್ಯಾ ಎಂದರೆ ಚಿಕ್ಕಮ್ಮ, ನಮ್ಮ ಚಿಗವ್ವ ಎಂದು ತಿಳಿದ ದಿನದಿಂದ ನಾನು ಚಿಗವ್ವ ಎಂದೇ ಕರೆದೆ, ಆಕೆ ಅದಕ್ಕೂ ಓ ಎಂದಳು. ನನ್ನ ರಷ್ಯನ್ ಉಳ್ಳಾಗಡ್ಡಿ ಕೊಳ್ಳುವುದಕ್ಕೆ ಸಾಲುವಷ್ಟಿತ್ತು, ಚೌಕಾಸಿಗೆ ಸಾಲುತ್ತಿರಲಿಲ್ಲ. ಆದರೂ ವಾಲ್ಯಾ ಆಡಿದ್ದು ನನ್ನ ಕಿವಿಗೆ ಮನೋಳಿಯ ಮಾತಾಗಿಯೇ ಇಳಿಯುತ್ತಿತ್ತು. ಆಕೆಯ ರೂಢಿಗಳೂ ಹಾಗೆಯೇ. ಹೊಸ್ತಿಲ ಆಚೆ ನಿಂತು ಏನನ್ನೂ ಕೊಡುತ್ತಿರಲಿಲ್ಲ, ಒಳಗೆ ಬಂದೇ ಕೊಡಬೇಕು. ಪಾತ್ರೆ ಖಾಲಿ ಮರಳಿಸುತ್ತಿರಲಿಲ್ಲ. ಸಂಜೆ ಕಸ ಹೊರಗೆ ಹಾಕುತ್ತಿರಲಿಲ್ಲ. ನಮ್ಮವ್ವನನ್ನೇ ಬಿಳಿಯ ಬಣ್ಣ ಬಳಿದು ಇಲ್ಲಿಗೆ ಕಳಿಸಿದ್ದಾರೆಯೇ ಎಂದು ಎಷ್ಟೋ ಸಲ ಅನುಮಾನ ಬಂದದ್ದುಂಟು.

ಒಂದು ರೂಢಿ ಮಾತ್ರ ನಮಗೆ ಗೊತ್ತಿರಲಿಲ್ಲ. ಆಕೆಯ ಹುಟ್ಟುಹಬ್ಬಕ್ಕೆಂದು ನಮ್ಮ ಯಜಮಾನರು ಗುಲಾಬಿ ತಂದರು. ಬೈಲಹೊಂಗಲದ ಬಾಳೆಹಣ್ಣಿನ ಲೆಕ್ಕದಲ್ಲಿ ಬೆಳೆದವರು, ಸರಿಯಾಗಿ ಒಂದು ಡಜನ್ ತಂದಿದ್ದರು. ವಾಲ್ಯಾ ಹೂವನ್ನು ಎಣಿಸಿದಳು, ಮುಖ ಬಿಳಿಚಿಕೊಂಡಿತು, ಒಂದನ್ನು ಸರಕ್ಕನೆ ಎಳೆದು ದೂರದ ಕಿಟಕಿಯಲ್ಲಿ ಚಹಾದ ಗ್ಲಾಸಿನಲ್ಲಿಟ್ಟಳು, ಆಮೇಲೆ ನಕ್ಕು ನಮ್ಮನ್ನು ಅಪ್ಪಿಕೊಂಡಳು. ಅಲ್ಲಿ ಸರಿಸಂಖ್ಯೆಯ ಹೂ ಕೊಡುವುದು ಸತ್ತವರಿಗೆ ಮಾತ್ರವಂತೆ. ಬದುಕಿದ್ದವರಿಗೆ ಬೆಸ ಸಂಖ್ಯೆಯೇ ಆಗಬೇಕು. ಯಜಮಾನರು ಆ ವಾರವೆಲ್ಲ ಮನೆಯಲ್ಲಿ ಬಿಸ್ಕತ್ತನ್ನೂ ಎಣಿಸಿ ತಿನ್ನುತ್ತಿದ್ದರು.

ಮೂರನೆಯ ಚಳಿಗಾಲ ಬರುವ ಹೊತ್ತಿಗೆ ನಾನು ತುಂಬಿದ ಬಸುರಿ. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕೆಂದು ಅವ್ವ ಹಟ ಹಿಡಿದಳು, ನನಗೂ ಅದೇ ಆಸೆ. ಅಲ್ಲಿಯ ಡಾಕ್ಟರಮ್ಮ ವಿಮಾನ ಹತ್ತಬಾರದು ಎಂದುಬಿಟ್ಟಳು. ಅವ್ವನೇ ಬರಲಿ ಎಂದರೆ ಅವಳಿಗೆ ಪಾಸ್‌ಪೋರ್ಟ್ ಇಲ್ಲ. ಸವದತ್ತಿಯ ಬಸ್ಸಿನಲ್ಲೇ ತಲೆ ತಿರುಗುವವಳು ಅವಳು. ನಾನು ಫೋನಿನಲ್ಲಿ ಅತ್ತೆ. ಅವ್ವ ಅಳಲಿಲ್ಲ, ಒಂದು ದಿನ ಬಿಟ್ಟು ಫೋನು ಮಾಡಿ ಹೇಳಿದಳು:

"ನೀ ಬರೂದ ಬ್ಯಾಡ, ನಾ ಬರೂದ ಬ್ಯಾಡ. ಕುಬಸ ಮಾತ್ರ ಆಗಬೇಕು. ಐದ ಮಂದಿ ಮುತ್ತೈದ್ಯಾರನ್ನ ಅಲ್ಲೇ ಹುಡುಕ. ಸಾಮಾನ ನಾ ಕಳಸ್ತೇನಿ, ವಿಡಿಯೋದಾಗ ದೊಡ್ಡವ್ವ ಹೇಳಿಕೊಡ್ತಾಳ."

ದೊಡ್ಡವ್ವ ಎಂದರೆ ಅವ್ವನ ಅಕ್ಕ. ಉಗರಗೋಳದಲ್ಲಿ ಗಂಡನೊಡನೆ ಕುಂಕುಮ, ಭಂಡಾರ, ಬಳೆಗಳ ಅಂಗಡಿ ಇಟ್ಟವಳು. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆಲ್ಲ ಉಡಿಯ ಸಾಮಾನು ಕಟ್ಟಿಕೊಟ್ಟು ಕೊಟ್ಟು, ಉಡಿಯ ವಿಷಯದಲ್ಲಿ ನಮ್ಮ ಬಳಗಕ್ಕೆ ಅವಳ ಮಾತೇ ಕೊನೆಯದು. ಸರಾತೋವಿನಲ್ಲಿ ಡಾಕ್ಟರಿಕೆ ಓದುತ್ತಿದ್ದ ರಾಮದುರ್ಗದ ಹುಡುಗಿಯೊಬ್ಬಳು ರಜೆ ಮುಗಿಸಿ ಬರುವಾಗ ಅವಳ ಚೀಲದಲ್ಲಿ ಹಸಿರು ಸೀರೆ, ಜಂಪರ ಖಣ, ಬಳೆ, ಉತ್ತತ್ತಿ, ಕೊಬ್ಬರಿ ಬಟ್ಟಲು ಎಲ್ಲವೂ ಬಂದವು. ಬಳೆ ಒಂದೂ ಒಡೆದಿರಲಿಲ್ಲ, ದೊಡ್ಡವ್ವ ಕಟ್ಟಿದ್ದೆಂದರೆ ಹಾಗೆ.

ಸಾಮಾನು ಬಂತು, ಮುತ್ತೈದೆಯರೆಲ್ಲಿ? ವಾಲ್ಯಾಳ ಮುಂದೆ ವಿಷಯ ಇಟ್ಟೆ. ಆಕೆ ಮೊದಲು ಗಾಬರಿಯಾದಳು. ಅವರಲ್ಲಿ ಕೂಸು ಹುಟ್ಟುವ ಮೊದಲು ಅದರ ಹೆಸರಿನಲ್ಲಿ ಒಂದು ಕುಲಾವಿಯನ್ನೂ ಕೊಳ್ಳುವುದಿಲ್ಲ, ದೃಷ್ಟಿಯಾಗುತ್ತದೆ. ಅಕ್ಕಿ ಕೊಬ್ಬರಿ ಎಂದೆಲ್ಲ ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರ ಇದು ಕೂಸಿಗೆ ಕೊಡೂದಲ್ಲ, ತಾಯಿಗೆ ಊಟದ ಸಾಮಾನ ಕೊಡೂದು. ಊಟಕ್ಕ ಏನೂ ಅಡ್ಡಿಯಿಲ್ಲ" ಎಂದು ತಾನೇ ಪರವಾನಗಿ ಕೊಟ್ಟುಕೊಂಡಳು. ಆಮೇಲೆ ಕಟ್ಟಡದ ಹೆಂಗಸರನ್ನು ಬೆರಳು ಮಡಚಿ ಎಣಿಸತೊಡಗಿದಳು. ಎಂತೆಂಥವರಿದ್ದರು ಅಂತೀರಿ! ಮೇಲಿನ ಅಂತಸ್ತಿನ ತಮಾರಾ ಎರಡು ಸಲ ಮದುವೆಯಾಗಿ ಎರಡು ಸಲ ಬಿಟ್ಟವಳು. ಒಬ್ಬಳ ಗಂಡ ಬೇರೆ ಊರಿನಲ್ಲಿ ಬೇರೆಯವಳ ಜೊತೆ ಸುಖವಾಗಿದ್ದ. ಇನ್ನೊಬ್ಬಳ ಗಂಡ ಮನೆಯಲ್ಲೇ ಇದ್ದ, ಆದರೆ ಸೋಫಾ ಬಿಟ್ಟು ಎದ್ದದ್ದನ್ನು ಕಂಡವರಿಲ್ಲ. ಮತ್ತೊಬ್ಬಳು ಚಿಕ್ಕ ಹುಡುಗಿ, ಗಂಡ ಸೈನ್ಯದಲ್ಲಿದ್ದ.

ನಾನು ಒಂದೊಂದು ಕೇಸನ್ನೂ ಫೋನಿನಲ್ಲಿ ಅವ್ವನ ಮುಂದೆ ಮಂಡಿಸಿದೆ. "ಬಿಟ್ಟ ಹ್ವಾದ್ರೇನಾತು? ಜೀವಂತ ಅದಾನಿಲ್ಲ? ನಡೀತೈತಿ" ಎಂದು ಅವ್ವ ತೀರ್ಪು ಕೊಟ್ಟಳು. ತಮಾರಾಳಿಗೆ ಇದನ್ನು ತಿಳಿಸಿದಾಗ ಆಕೆ ಬಹಳ ಹುಮ್ಮಸ್ಸಿನಿಂದ, "ನನ್ನವರು ಇಬ್ರೂ ಗಟ್ಟಿ ಅದಾರ. ಬೇಕಾದ್ರ ಎರಡ ಸಲ ತುಂಬತೇನಿ" ಎಂದಳು.

"ಇವರು ನಾಕು ಮಂದಿ. ಮತ್ತ ನಾನು, ಐದು" ಎಂದು ವಾಲ್ಯಾ ಹೆಬ್ಬೆರಳು ಮಡಚಿದಳು.

ವಾಂತಿಯ ದಿನಗಳಲ್ಲಿ ನನ್ನ ತಲೆ ಹಿಡಿದವಳು, ಹಿಮದಲ್ಲಿ ಜಾರಬಾರದೆಂದು ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದವಳು ಆಕೆ. ನಾನು ಗೋಡೆ ನೋಡಿದೆ. ನಾನು ಗೋಡೆ ನೋಡಿದ್ದನ್ನು ಆಕೆ ನೋಡಿದಳು.

"ಓ, ಗಂಡ ಇರಬೇಕಲ್ಲ. ನನ್ನಾಂವ ಹೋದ. ಆತು ಬಿಡು, ಕೆಳಗಿನ ಅಂತಸ್ತಿನ ಗಾಲ್ಯಾನ ಕರೀತೇನಿ, ಅಕಿ ಗಂಡ ಅದಾನ. ನಾ ಅಡಗಿ ನೋಡ್ಕೋತೇನಿ" ಎಂದು ಎದ್ದು ಹೋದಳು. ದನಿಯಲ್ಲಿ ಬೇಸರವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಕುಬಸದ ದಿನ ಹೊರಗೆ ಮೊಣಕಾಲುದ್ದ ಹಿಮ. ಒಳಗೆ ನಾನು ಹಸಿರು ಸೀರೆ ಉಟ್ಟು, ಕೆಳಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕುರ್ಚಿಯ ಮೇಲೆ ಕುಳಿತಿದ್ದೆ. ಜಾಮಿನ ಬಾಟಲಿಗೆ ಒರಗಿಸಿದ್ದ ಫೋನಿನಲ್ಲಿ ದೊಡ್ಡವ್ವನ ಮುಖ ತುಂಬಿಕೊಂಡಿತ್ತು. ಅವ್ವ ಕಾಣುತ್ತಿರಲಿಲ್ಲ. ಅವಳ ದನಿ ಮಾತ್ರ ದೊಡ್ಡವ್ವನ ಬೆನ್ನ ಹಿಂದಿನಿಂದ ಬರುತ್ತಿತ್ತು. ಶುಭಕಾರ್ಯದಲ್ಲಿ ತನ್ನ ಮುಖ ಮುಂದೆ ಬರಬಾರದೆಂದು ಅವಳು ಫೋನಿನ ಕಣ್ಣಿಗೂ ಮರೆಯಾಗಿ ಕುಳಿತಿದ್ದಳು.

ದೊಡ್ಡವ್ವ ಹೇಳಿದಂತೆ ನಾನು ರಷ್ಯನ್‌ನಲ್ಲಿ ಹೇಳುತ್ತಿದ್ದೆ, ಅವರು ಒಬ್ಬೊಬ್ಬರಾಗಿ ಬಂದು ಅರಿಶಿಣ ಕುಂಕುಮ ಹಚ್ಚಿ ಉಡಿ ತುಂಬಿದರು. ತಮಾರಾ ಅಕ್ಕಿಯನ್ನು ಎಷ್ಟು ಜೋರಾಗಿ ಸುರಿದಳೆಂದರೆ ಸೋಫಾದ ಗಂಡನ ಹೆಂಡತಿ, ಇದೇನು ಕೋಳಿಗೆ ಕಾಳು ಹಾಕುತ್ತಿದ್ದೀಯಾ ಎಂದು ಬೈದಳು. ನಾಲ್ಕು ಮಂದಿಯದು ಮುಗಿಯಿತು. ಗಾಲ್ಯಾ ಬರಬೇಕಿತ್ತು. ಬಂದದ್ದು ಅವಳ ಫೋನು. ಅವಳ ಗಂಡ ಬೆಳಗಿನಲ್ಲೇ ಸ್ವಲ್ಪ ಏರಿಸಿಕೊಂಡು ಮೆಟ್ಟಿಲ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದ. ಐದನೆಯ ಮುತ್ತೈದೆ ತನ್ನ ಮುತ್ತೈದೆತನವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿದ್ದಳು.

"ಹಂಗಾರ ಬರೇ ನಾಕು?" ಎಂದು ತಮಾರಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಗುಲಾಬಿಯ ಕಥೆ ನಿಮಗೆ ನೆನಪಿದೆಯಲ್ಲ, ಬಸುರಿಯ ಮಡಿಲಿಗೆ ಸರಿಸಂಖ್ಯೆ ಹಾಕಿ ಎದ್ದು ಹೋಗುವ ಧೈರ್ಯ ಅವರಿಗಿರಲಿಲ್ಲ. ಇತ್ತ ಫೋನಿನಲ್ಲಿ ದೊಡ್ಡವ್ವ, "ಐದ ಆಗದ ಏಳಬ್ಯಾಡ ನೋಡ ಮತ್ತ!" ಎಂದು ಕೂಗುತ್ತಿದ್ದಳು. ತಮಾರಾ ತನ್ನ ಎರಡನೆಯ ಗಂಡನ ಲೆಕ್ಕದಲ್ಲಿ ಮತ್ತೊಮ್ಮೆ ತುಂಬಲು ಮುಂದಾದಳು. ಕೈ ಅದೇ ತಾನೇ, ಅದು ನಡೆಯುವುದಿಲ್ಲ ಎಂದು ಉಳಿದವರು ತಡೆದರು. ಹಿಮ ಬೀಳುತ್ತಿತ್ತು, ನನ್ನ ಕಾಲು ಜೋಮು ಹಿಡಿದಿತ್ತು, ಸೆರಗು ಭಾರವಾಗಿತ್ತು.

ಆಗ ದೊಡ್ಡವ್ವನ ಬೆನ್ನ ಹಿಂದಿನಿಂದ ಅವ್ವನ ದನಿ ಕೇಳಿತು. "ಆ ಅಡಗಿ ಮನಿ ಬಾಗಲದಾಗ ನಿಂತಾರಲ್ಲ, ಅವರ್ಯಾರು?"

ನಾನು ತಿರುಗಿ ನೋಡಿದೆ. ವಾಲ್ಯಾ ಕೈಯಲ್ಲಿ ಸೌಟು ಹಿಡಿದು, ಬಾಗಿಲ ಚೌಕಟ್ಟಿಗೆ ಭುಜ ಒರಗಿಸಿ, ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದಳು. ಅಷ್ಟು ಹೊತ್ತು ಅಲ್ಲೇ ಇದ್ದಳು. ನಾವ್ಯಾರೂ ನೋಡಿರಲಿಲ್ಲ, ಅವ್ವ ನೋಡಿದ್ದಳು.

"ಅಕಿ ವಾಲ್ಯಾ ಅಲ್ಲ? ಅಕಿಗೆ ಗಂಡ ಇಲ್ಲ. ಬ್ಯಾಡ" ಎಂದಳು ದೊಡ್ಡವ್ವ.

ಏನು ಮಾತು ನಡೆದಿದೆ ಎಂದು ವಾಲ್ಯಾ ನನ್ನನ್ನು ಕೇಳಿದಳು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಮಾತಾಡಿದವರು ನಿಮ್ಮವ್ವ ಅಲ್ಲೇನು? ಮತ್ತ ಅವರ್ಯಾಕ ಕಾಣಸಾಕ ಹತ್ತಿಲ್ಲ?"

"ನಮ್ಮಪ್ಪನೂ ಇಲ್ಲ, ಚಿಗವ್ವ" ಎಂದೆ.

ವಾಲ್ಯಾ ಸೌಟು ಇಟ್ಟಳು, ಕೈ ಒರೆಸಿಕೊಂಡಳು, ಬಂದು ಎರಡೂ ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ಫೋನಿನ ಮುಂದೆ ನಿಂತಳು. "ನನಗ ಈ ಪದ್ಧತಿ ಗೊತ್ತಿಲ್ಲ. ನಿಮ್ಮವ್ವ ಎದುರ ಕುಂತು ಹೇಳಿಕೊಡ್ಲಿ. ಅವರ ಮುಖ ಕಾಣೂತನ ನಾ ಹಾಕೂದಿಲ್ಲ, ಹಿಂಗ ನಿಂದರತೇನಿ" ಎಂದಳು.

ನಾನು ಕನ್ನಡದಲ್ಲಿ ಹೇಳಿದೆ. ಆ ಕಡೆ ಗದ್ದಲವಾಯಿತು. ದೊಡ್ಡವ್ವನ ಮುಖ ಸರಿಯಿತು, ಫ್ಯಾನು ಕಂಡಿತು, ಗೋಡೆಯ ಗಡಿಯಾರ ಕಂಡಿತು, ಕೊನೆಗೆ ಅವ್ವ ಕಂಡಳು. ಫೋನನ್ನು ಮುಖಕ್ಕೆ ಎಷ್ಟು ಹತ್ತಿರ ಹಿಡಿದಿದ್ದಳೆಂದರೆ ಬರಿಯ ಹಣೆ ಮತ್ತು ಒಂದೇ ಕಣ್ಣು. ಆ ಒಂದು ಕಣ್ಣಿನಲ್ಲೇ ನೀರು ಧಾರಾಳವಾಗಿತ್ತು.

"ಹಾಕ್ರಿ ಯವ್ವಾ" ಎಂದಳು ಅವ್ವ. ವಾಲ್ಯಾ ಹಾಕಿದಳು. ಅವ್ವನಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. "ನನ್ನ ಪಾಲಿಂದೂ ನೀವ ಹಾಕಿಬಿಡ್ರಿ" ಎಂದಳು. ವಾಲ್ಯಾ ಮತ್ತೊಂದು ಬೊಗಸೆ ಹಾಕಿದಳು. ಹಾಕಿದ ಮೇಲೆ ತಮಾರಾ ಚಿಟ್ಟನೆ ಚೀರಿದಳು: "ಆರಾತು!" ಮತ್ತೆ ಸರಿಸಂಖ್ಯೆ. ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ನಾನು ದೊಡ್ಡವ್ವನಿಗೆ ಸಂಕಟ ವಿವರಿಸಿದೆ. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಕಾರ್ಯ ಕೆಡುವುದನ್ನು ನೋಡಿ ಸುಮ್ಮನಿರುವ ಜೀವವೂ ಅದಲ್ಲ. "ಹಂಗಾರ ನನ್ನ ಹೆಸರಿಲೆ ಒಂದ ಹಾಕ್ರೆ! ಆ ಎರಡ ಗಂಡನಾಕಿ ಹಾಕ್ಲಿ!" ಎಂದು ಆಚೆಯಿಂದಲೇ ಗದರಿದಳು. ತಮಾರಾ ಕುಣಿದುಕೊಂಡು ಬಂದು ಹಾಕಿದಳು. ಏಳಕ್ಕೆ ಮುಗಿಯಿತು.

ವಸಂತದಲ್ಲಿ ಮಗಳು ಹುಟ್ಟಿದಳು. ಅವಳ ಹೊಟ್ಟೆನೋವಿಗೆ ವಾಲ್ಯಾ ಸಬ್ಬಸಗಿ ಬೀಜದ ನೀರು ಕುಡಿಸಿದಳು, ನನಗೆ ಅವ್ವ ಫೋನಿನಲ್ಲೇ ಸಬ್ಬಸಗಿ ಪಲ್ಯ ತಿನ್ನಿಸಿದಳು. ಈಗ ಮಗಳು ಬೈಲಹೊಂಗಲದಲ್ಲಿ ಶಾಲೆಗೆ ಹೋಗುತ್ತಾಳೆ, ಅವಳಿಗೆ ಸಬ್ಬಸಗಿ ಕಂಡರಾಗುವುದಿಲ್ಲ.

ಇಷ್ಟನ್ನೂ ಸವಿತಾ ಗದ್ದಕ್ಕೆ ಕೈ ಕೊಟ್ಟು ಕೇಳಿದಳು. ಕೊನೆಗೆ, "ಅತ್ತಿ ಆಮ್ಯಾಲ ಯಾರದಾದ್ರೂ ಉಡಿ ತುಂಬಿದ್ರೇನ್ರಿ?" ಎಂದಳು. ಇಲ್ಲ ಎಂದೆ. ಅವಳು ಸೋಸಿದ ಸೊಪ್ಪನ್ನು ಒಳಗೆ ಒಯ್ದಳು.

ನಾನು ಹಿತ್ತಲಿಗೆ ಹೋಗಿ ಅವ್ವನನ್ನು ಹಿಡಿದೆ. ನಾಳೆ ನೀನೂ ಉಡಿ ತುಂಬು ಎಂದೆ. ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಅದು ರಶಿಯಾ, ಇದು ಮನೋಳಿ."

"ಮಂದಿ ಏನಂತಾರ ಅಂತ ಅಂಜತೀ ಏನು?"

"ಮಂದೀದ ಬಿಡ. ಬಸರ ಹುಡಿಗಿ, ಏನರ ಹೆಚ್ಚುಕಡಿಮಿ ಆತಂದ್ರ ನನ್ನ ಕೈಯಿಂದ ಆತು ಅಂತ ನನಗ ಅನಸ್ತೈತಿ. ಅದನ್ನ ಹೊತಗೊಂಡ ಹೆಂಗ ಇರ್ಲಿ?"

ಸರಾತೋವಿನಲ್ಲಿ ಅವಳ ಕೈ ಮೂರು ದೇಶದಾಚೆ ಇತ್ತು, ಅಕ್ಕಿ ಹಾಕಿದ್ದು ವಾಲ್ಯಾಳ ಕೈ. ಅದು ನನಗೆ ನಿನ್ನೆಯವರೆಗೂ ಹೊಳೆದಿರಲಿಲ್ಲ. ಅವ್ವ ಗೆದ್ದಳೆಂದು ಇಷ್ಟು ವರ್ಷ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದೆ.

ಇವತ್ತು ಬೆಳಿಗ್ಗೆ ಕುಬಸವಾಯಿತು. ಸವಿತಾಳ ತವರಿನವರು ಚಚಡಿಯಿಂದ ಬುತ್ತಿ ಹೊತ್ತು ಬಂದರು. ಪಡಸಾಲೆ ತುಂಬ ಹೆಂಗಸರು, ನಡುವೆ ಮಣೆಯ ಮೇಲೆ ಸವಿತಾ, ಎದುರಿಗೆ ದಿಗ್ದರ್ಶನಕ್ಕೆ ನಮ್ಮ ದೊಡ್ಡವ್ವ. ಒಬ್ಬೊಬ್ಬರಾಗಿ ಉಡಿ ತುಂಬಿದರು, ನಾನೂ ತುಂಬಿದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಆ ಕಡೆ ನೋಡದಿರಲು ಪ್ರಯತ್ನ ಮಾಡುತ್ತಿದ್ದೆ.

ಎಲ್ಲ ಮುಗಿಯಿತು, ಆರತಿ ತಾ ಎಂದಳು ದೊಡ್ಡವ್ವ. ಸವಿತಾ ಎದ್ದಳು. ಆರತಿಗೆ ಮೊದಲು ಏಳಬಾರದು ಎಂದು ಯಾರೋ ಅಂದರು. ಅವಳು ಕೇಳಲಿಲ್ಲ. ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಹೊಟ್ಟೆಯ ಭಾರಕ್ಕೆ ನಿಧಾನವಾಗಿ ಹೆಜ್ಜೆ ಇಡುತ್ತ, ಹೆಂಗಸರ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ಅವ್ವನ ಎದುರು ಸೆರಗು ಚಾಚಿ ನಿಂತಳು.

"ಅತ್ತಿ, ನಿಮ್ದ ಉಳದೈತ್ರಿ. ಲಗೂ ಹಾಕ್ರಿ, ಭಾರ ಆಗಾಕ ಹತ್ತೈತಿ."

ಅವ್ವ ಹಿಂದಕ್ಕೆ ಸರಿದಳು. "ಬ್ಯಾಡವಾ. ನನ್ನ ಕೈ..."

"ನಿಮ್ಮ ಕೈಯಾಗಿಂದ ಉಂಡ ಬೆಳದೈತ್ರಿ ಇದು, ದಿನಾ ಎರಡ ಹೊತ್ತು. ಇವತ್ತೊಂದ ದಿನ ಏನ ಆಗತೈತ್ರಿ?"

ಅವ್ವ ದೊಡ್ಡವ್ವನ ಕಡೆ ನೋಡಿದಳು. ನಾವೆಲ್ಲರೂ ದೊಡ್ಡವ್ವನ ಕಡೆ ನೋಡಿದೆವು. ದೊಡ್ಡವ್ವ ಆರತಿ ತಂದವಳಿಗೆ ತಡೆ ಎಂದು ಕೈ ಮಾಡಿದಳು. ಅವ್ವ ಒಳಗಿನ ಅಕ್ಕಿಯ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ತೆಗೆದಳು. ಸೆರಗಿಗೆ ಬೀಳುವುದಕ್ಕಿಂತ ಮೊದಲೇ ಅರ್ಧ ಅಕ್ಕಿ ನೆಲಕ್ಕೆ ಬಿತ್ತು.

"ಹಂಗ ಒಂದ ಕೈಲೆ ಹಾಕ್ತಾರೇನು?" ಎಂದು ದೊಡ್ಡವ್ವ ಕುಳಿತಲ್ಲಿಂದಲೇ ಗದರಿದಳು. "ಎರಡೂ ಕೈಲೆ ಹಾಕ, ಹುಚ್ಚಿ. ತುಂಬಿಸಿ ಹಾಕ."